ಕತ್ತಿನ ಟ್ಯೂಬಿನಿಂದ ಬಿಡುಗಡೆಯ ದಾರಿ ಹುಡುಕಿದ ಜಾಕ್ಸನ್ ಡಾಕ್ಟ್ರು

ಬಲ್ಮಠ: ಬಲ್ಮಠದಲ್ಲಿ ನೆಲೆಯೂರಿದ ಬಾಸೆಲ್ ಮಿಷನ್‌ನವರು ಸ್ವಿಟ್ಜರ್ಲೆಂಡಿನಿಂದ ಬಂದವರು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ದೇಶದ ಬೆಟ್ಟದ ಊರುಗಳಲ್ಲಿ ಆಗ ಗಳಗಂಡ ಮಾಮೂಲು ಕಾಯಿಲೆ. ನಮ್ಮ ಘಟ್ಟದ ಬದಿಯಲ್ಲೂ ಅಯೋಡಿನ್ ಉಪ್ಪು ಬರುವ ಮೊದಲು ಅದು ಸಾಕಷ್ಟಿತ್ತು. ಅಲ್ಲಿನ ಬರ್ನ್ ನಗರದ ಸರ್ಜನ್ ಥಿಯೋಡರ್ ಕೋಖರ್ ಗಳಗಂಡದ ಆಪರೇಷನ್‌ನಲ್ಲಿ ಸಾವು ತೀರಾ ಕಡಿಮೆಯಾಗುವ ಹಾಗೆ ಮಾಡಿದರು, 1909ರಲ್ಲಿ ನೊಬೆಲ್ ಸಿಕ್ಕಿತು. ಆದರೆ ಆಪರೇಷನ್ ಎಲ್ಲ ಕಡೆ ಹಬ್ಬಿದಾಗ ಅದರ ಬೆನ್ನಿಗೆ ಒಂದು ತೊಂದರೆಯೂ ಹಬ್ಬಿತು. ಅದಕ್ಕೆ ದಾರಿ ಹುಡುಕಿದವರಲ್ಲಿ ಮೊದಲಿಗರು ಅಮೆರಿಕದ ಶೆವಾಲಿಯರ್ ಜಾಕ್ಸನ್.

ತೊಂದರೆ ಏನಂದ್ರೆ, ಥೈರಾಯ್ಡ್ ಗ್ರಂಥಿಯ ಹಿಂದೆ ಎರಡೂ ಬದಿಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಸಪೂರ ನರ ಉಂಟು. ಒಂದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ. ಎರಡಕ್ಕೂ ಪೆಟ್ಟಾದರೆ ಧ್ವನಿತಂತುಗಳು ನಡುವಿಗೆ ಬಂದು ನಿಂತುಬಿಡಬಹುದು. ಉಸಿರು ಎಳೆಯುವಾಗ ಬಾಗಿಲಿನ ಹಾಗೆ ತೆರೆಯಬೇಕಾದವು ತೆರೆಯುವುದೇ ಇಲ್ಲ. ವಿಚಿತ್ರ ಅಂದ್ರೆ ಮಾತು ಹೆಚ್ಚುಕಮ್ಮಿ ಸರಿಯಾಗೇ ಇರ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಮಾತ್ರ ಗಂಟಲಿಂದ ಸೀಟಿ ಹೊಡೆದ ಹಾಗೆ ಶಬ್ದ. ಇದನ್ನು ಉಬ್ಬಸ ಅಂತ ತಿಳಿದು ಔಷಧ ತಗೊಳ್ಳುವವರು ಇವತ್ತಿಗೂ ಉಂಟು. ಆಗಿನ ಕಾಲಕ್ಕೆ ಇದ್ದ ಉಪಾಯ ಕತ್ತಿಗೆ ತೂತು ಮಾಡಿ ಟ್ಯೂಬ್ ಇಡುವುದು, ಮತ್ತೆ ಬದುಕಿಡೀ ಆ ಟ್ಯೂಬಲ್ಲೇ ಉಸಿರಾಡುವುದು.

ಜಾಕ್ಸನ್ ಹುಟ್ಟಿದ್ದು 1865ರ ನವೆಂಬರ್ 4ರಂದು, ಪಿಟ್ಸ್‌ಬರ್ಗ್‌ನಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ. ಸಣ್ಣ ದೇಹದ, ಮೆತ್ತಗಿನ ಹುಡುಗ. ಶಾಲೆಯ ಪೋಕರಿಗಳು ಕೊಟ್ಟ ಕಾಟ ಅಷ್ಟಿಷ್ಟಲ್ಲ, ಒಮ್ಮೆ ಪಾಳುಬಿದ್ದ ಗಣಿಯೊಳಗೇ ಹಾಕಿಬಿಟ್ಟಿದ್ದರು. ಇದನ್ನೆಲ್ಲ ಅವರು 1938ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಗಾಜಿನ ಮೇಲೆ ಚಿತ್ರ ಬರೆದು ಕಾಲೇಜಿನ ಫೀಸು ಹೊಂದಿಸಿ 1886ರಲ್ಲಿ ಡಾಕ್ಟರಾದರು. ಲಂಡನ್ನಿಗೆ ಹೋಗಿ ಮೊರೆಲ್ ಮೆಕೆಂಜಿ ಹತ್ತಿರ ಗಂಟಲಿನ ಕೆಲಸ ನೋಡಿದರು.

ಊರಿಗೆ ಬಂದವರು ಬಾಯಿಯ ಮೂಲಕ ಒಳಗೆ ಇಳಿಸುವ ಉಪಕರಣ ಮಾಡಲು ಕೂತರು. ಕೊಳವೆಯ ತುದಿಗೆ ಪುಟ್ಟ ಬಲ್ಬ್, ಒಳಗಿನದ್ದು ಕಣ್ಣಿಗೆ ಕಾಣಬೇಕು. ಮಕ್ಕಳು ನುಂಗಿದ ಪಿನ್ನು, ಗುಂಡಿ, ನಾಣ್ಯ ಎಲ್ಲ ಹೊಟ್ಟೆ, ಎದೆ ಕೊಯ್ಯದೆ ಹೊರಗೆ ಬಂದವು. ಹಾಗೆ ತೆಗೆದ 2,374 ವಸ್ತುಗಳು ಈಗಲೂ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿವೆ. ಮನೆಬಳಕೆಯ ಕ್ಷಾರ ಕುಡಿದು ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ನೋಡಿ ನೋಡಿ, ಡಬ್ಬಿಯ ಮೇಲೆ ವಿಷ ಅಂತ ಬರೆಯಲೇಬೇಕು ಎಂದು ವರ್ಷಗಟ್ಟಲೆ ಹಟ ಹಿಡಿದರು. 1927ರಲ್ಲಿ ಕಾನೂನು ಬಂತು. ನಡುವೆ ಇವರಿಗೇ ಮೂರು ಸಲ ಕ್ಷಯ. ಮಲಗಿದಲ್ಲೇ ಪುಸ್ತಕ ಬರೆದರು.

ಜನ ಇವರನ್ನು ನೆನೆಯುವುದು ಆ ಪಿನ್ನುಗಳಿಗಾಗಿ. ನನಗೆ ದೊಡ್ಡದು ಕಾಣುವುದು ಟ್ಯೂಬಿನ ಕೆಲಸ. ಕತ್ತಿನಲ್ಲಿ ತೀರಾ ಮೇಲೆ ತೂತು ಮಾಡಿದರೆ ಧ್ವನಿಪೆಟ್ಟಿಗೆಯೇ ಕಟ್ಟಿಕೊಳ್ಳುತ್ತದೆ, ಕೆಳಗೆ ಮಾಡಬೇಕು ಅಂತ 1921ರಲ್ಲಿ ತೋರಿಸಿದರು. ಮರುವರ್ಷವೇ, ಗಳಗಂಡದಿಂದ ತಂತು ಸತ್ತವರಿಗಾಗಿ ಹೊಸ ಆಪರೇಷನ್ ಪ್ರಕಟಿಸಿದರು. ಅಲುಗಾಡದ ತಂತುವನ್ನು, ಅದರ ಪಕ್ಕದ ಪೊಳ್ಳು ಭಾಗದ ಜೊತೆ ಕತ್ತರಿಸಿ ತೆಗೆಯುವುದು. ದಾರಿ ಅಗಲ ಆಯ್ತು, ಟ್ಯೂಬ್ ತೆಗೆಯಬಹುದು. ಆದರೆ ಸ್ವರ ಹೋಯ್ತು, ಉಳಿದದ್ದು ಗಾಳಿ ಬೆರೆತ ಪಿಸುಮಾತು. ಮನೆಯವರನ್ನು ಕೂಗಿ ಕರೆಯಬೇಕಾದವರಿಗೆ ಅದೇನು ಸಣ್ಣ ನಷ್ಟವಾ?

ಆ ನಷ್ಟ ಕಡಿಮೆ ಮಾಡುವುದೇ ಮುಂದಿನವರ ಕೆಲಸವಾಯಿತು. 1939ರಲ್ಲಿ ಬ್ರಯನ್ ಕಿಂಗ್ ತಂತುವನ್ನು ಕತ್ತರಿಸದೆ, ಅದು ಅಂಟಿಕೊಂಡಿರುವ ಪುಟ್ಟ ಮೃದ್ವಸ್ಥಿಯನ್ನು ಕತ್ತಿನ ಹೊರಗಿನಿಂದ ಬದಿಗೆ ಸರಿಸಿದರು. 1946ರಲ್ಲಿ ವುಡ್‌ಮನ್ ಅದನ್ನು ಸುಧಾರಿಸಿದರು. ಜಾಕ್ಸನ್ 1958ರ ಆಗಸ್ಟ್ 16ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಲೇಸರ್ ನೋಡಲು ಅವರಿರಲಿಲ್ಲ. 1989ರಲ್ಲಿ ಡೆನಿಸ್ ಮತ್ತು ಕಾಶಿಮಾ ಹೇಳಿದ ಕ್ರಮದಲ್ಲಿ ಬಾಯಿಯ ಮೂಲಕವೇ ಹೋಗಿ ತಂತುವಿನ ಹಿಂದಿನ ತುದಿಯನ್ನಷ್ಟೇ ಲೇಸರಿನಿಂದ ಸೀಳುತ್ತಾರೆ. ಹಿಂಭಾಗ ಹೆಚ್ಚು ಉಸಿರಿನದ್ದು, ಮುಂಭಾಗ ಹೆಚ್ಚು ಸ್ವರದ್ದು. ಹಾಗಾಗಿ ಮಾತು ಅಷ್ಟು ಹಾಳಾಗುವುದಿಲ್ಲ, ಸ್ವಲ್ಪ ಹಾಳಾಗಿಯೇ ಆಗ್ತದೆ.