ಸಂಕೇತಗಳ ಶಿಲ್ಪಿ ಲೈಬ್ನಿಟ್ಸ್

ಎಂಟನ್ನು ಎರಡರಿಂದ ಭಾಗಿಸುವುದು ಪ್ರಾಥಮಿಕ ಶಾಲೆಯ ಬಾಲಕನಿಗೂ ಸುಲಭಸಾಧ್ಯವಾದ ಕೆಲಸ. ಎರಡಕ್ಕೆ ಎರಡನ್ನು ಕೂಡಿಸುವುದು ಅದಕ್ಕಿಂತಲೂ ಸುಲಭ. ಆದರೆ ಇವೇ ಸಂಖ್ಯೆಗಳನ್ನು 8÷2(2+2) ಎಂದು ಒಂದು ಸಾಲಿನಲ್ಲಿ ಬರೆದಿಟ್ಟರೆ ವಿದ್ಯಾವಂತರಲ್ಲಿಯೂ ಎರಡು ಪಕ್ಷಗಳಾಗುತ್ತವೆ. 2019ರಲ್ಲಿ ಈ ಒಗಟು ದೇಶದೇಶಗಳಲ್ಲಿ ಹರಡಿ ಲಕ್ಷಾಂತರ ಜನರನ್ನು ವಾಗ್ವಾದಕ್ಕೆ ಎಳೆಯಿತು. ಆವರಣದೊಳಗಿನ ಮೊತ್ತ ನಾಲ್ಕು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅನಂತರ ಎಡದಿಂದ ಬಲಕ್ಕೆ ನಡೆದವರು ಎಂಟನ್ನು ಎರಡರಿಂದ ಭಾಗಿಸಿ, ಬಂದ ನಾಲ್ಕನ್ನು ನಾಲ್ಕರಿಂದ ಗುಣಿಸಿ 16 ಎಂದರು. ಎರಡೆಂಬ ಅಂಕಿಯು ಆವರಣಕ್ಕೆ ಅಂಟಿಕೊಂಡಿರುವುದರಿಂದ ಅವೆರಡೂ ಸೇರಿ ಒಂದೇ ಪದವೆಂದು ಬಗೆದವರು ಎಂಟನ್ನು ಎಂಟರಿಂದ ಭಾಗಿಸಿ 1 ಎಂದರು. ಗಣಕಯಂತ್ರಗಳಲ್ಲಿಯೂ ಒಂದು ಮಾದರಿಯದು ಒಂದು ಉತ್ತರ, ಇನ್ನೊಂದು ಮಾದರಿಯದು ಇನ್ನೊಂದು ಉತ್ತರ.

ಈ ಎರಡು ಪಕ್ಷಗಳಲ್ಲಿ ಯಾರಿಗೂ ಲೆಕ್ಕ ಬಾರದೆಂದು ಹೇಳುವಂತಿಲ್ಲ. ದೋಷವಿರುವುದು ಲೆಕ್ಕದಲ್ಲಲ್ಲ, ಬರವಣಿಗೆಯಲ್ಲಿ. ಬರೆದವನ ಮನಸ್ಸಿನಲ್ಲಿದ್ದ ಅರ್ಥವು ಓದುವವನಿಗೆ ಒಂದೇ ಬಗೆಯಲ್ಲಿ ಮುಟ್ಟಬೇಕಾದರೆ ಚಿಹ್ನೆಗಳು ಹೇಗಿರಬೇಕು ಎಂಬ ಪ್ರಶ್ನೆಯನ್ನು ಮುನ್ನೂರು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡು, ಅದನ್ನು ಜೀವಮಾನದ ಕಾಯಕವನ್ನಾಗಿ ಮಾಡಿಕೊಂಡ ಮಹಾಪುರುಷನೊಬ್ಬನಿದ್ದನು. ಅವನೇ ಜರ್ಮನಿಯ ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಟ್ಸ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲೈಬ್ನಿಟ್ಸನು 1646ನೆಯ ಇಸವಿ ಜುಲೈ 1ರಂದು ಲೈಪ್‌ಜಿಗ್ ನಗರದಲ್ಲಿ ಜನಿಸಿದನು. ಮತಭೇದದಿಂದ ಹೊತ್ತಿಕೊಂಡ ಮೂವತ್ತು ವರ್ಷಗಳ ಯುದ್ಧವು ಜರ್ಮನಿಯನ್ನು ಬೂದಿಮಾಡಿ, ಇನ್ನೂ ಆರದೆ ಉರಿಯುತ್ತಿದ್ದ ಕಾಲವದು. ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ. ಮಗನಿಗೆ ಆರು ವರ್ಷ ತುಂಬಿದ ವರ್ಷವೇ ತಂದೆ ತೀರಿಕೊಂಡನು. ಅವನು ಬಿಟ್ಟುಹೋದ ಗ್ರಂಥಭಂಡಾರವೇ ಬಾಲಕನಿಗೆ ಗುರುವಾಯಿತು. ಸಚಿತ್ರ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಅವನು ಬಹುಮಟ್ಟಿಗೆ ತಾನೇ ಲ್ಯಾಟಿನ್ ಭಾಷೆಯನ್ನು ಕಲಿತನು.

1661ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ಅವನು ತತ್ತ್ವಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಅಭ್ಯಸಿಸಿದನು. 1666ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಸಂಯೋಜನ ಕಲೆಯನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ಅಕ್ಷರಗಳು ಸೇರಿ ಶಬ್ದಗಳಾಗುವಂತೆ ಮೂಲಭೂತ ವಿಚಾರಗಳು ಸೇರಿಯೇ ಸಕಲ ಜ್ಞಾನವೂ ಆಗಿದೆ. ಆ ಮೂಲವಿಚಾರಗಳಿಗೆ ತಕ್ಕ ಚಿಹ್ನೆಗಳನ್ನು ಕಂಡುಹಿಡಿದರೆ ಆಲೋಚನೆಯನ್ನೇ ಲೆಕ್ಕದಂತೆ ಮಾಡಿ ಮುಗಿಸಬಹುದು ಎಂಬುದು ಅದರ ತಿರುಳು. ಮುಂದೊಂದು ದಿನ ಇಬ್ಬರು ಪಂಡಿತರಲ್ಲಿ ಭಿನ್ನಾಭಿಪ್ರಾಯ ಬಂದರೆ ಅವರು ಜಗಳವಾಡುವ ಬದಲು ಲೇಖನಿ ಹಿಡಿದು ಕುಳಿತು ಲೆಕ್ಕಮಾಡಿ ಸತ್ಯವನ್ನು ನಿರ್ಣಯಿಸಿಕೊಳ್ಳಬೇಕು ಎಂಬ ಕನಸನ್ನು ಅವನು ಕೊನೆಯವರೆಗೂ ಕಂಡನು. ಯುದ್ಧದ ಬೂದಿಯ ನಡುವೆ ಬೆಳೆದವನಿಗೆ ಇಂಥ ಕನಸು ಸಹಜವೇ ಆಗಿತ್ತು.

ವಯಸ್ಸು ಚಿಕ್ಕದೆಂಬ ನೆವದಿಂದ ಲೈಪ್‌ಜಿಗ್ ವಿಶ್ವವಿದ್ಯಾಲಯವು ಡಾಕ್ಟರೇಟ್ ಪದವಿಯನ್ನು ಕೊಡಲು ಹಿಂದೆಗೆಯಿತು. ಲೈಬ್ನಿಟ್ಸನು ಆಲ್ಟ್‌ಡಾರ್ಫ್ ವಿಶ್ವವಿದ್ಯಾಲಯಕ್ಕೆ ಹೋಗಿ 1667ರಲ್ಲಿ ಪದವಿ ಪಡೆದನು. ಅಲ್ಲಿ ಬಂದ ಪ್ರಾಧ್ಯಾಪಕ ಹುದ್ದೆಯನ್ನು ಒಲ್ಲೆನೆಂದು ಮೈಂಟ್ಸ್ ಸಂಸ್ಥಾನದ ಸೇವೆಗೆ ಸೇರಿದನು.

ಪ್ಯಾರಿಸ್ಸಿನ ದಿನಗಳು

1672ರಲ್ಲಿ ರಾಜಕಾರ್ಯದ ನಿಮಿತ್ತ ಪ್ಯಾರಿಸ್ಸಿಗೆ ಹೋದದ್ದು ಅವನ ಬಾಳಿನ ತಿರುವು. ರಾಜಕಾರ್ಯವೇನೋ ಕೈಗೂಡಲಿಲ್ಲ, ಆದರೆ ಹಾಲೆಂಡಿನ ಹಿರಿಯ ವಿಜ್ಞಾನಿ ಕ್ರಿಶ್ಚಿಯನ್ ಹೈಗನ್ಸನ ಪರಿಚಯವಾಯಿತು. ಹೈಗನ್ಸನು ಈ ತರುಣನನ್ನು ಪರೀಕ್ಷಿಸಲೆಂದು ಒಂದು ಸಮಸ್ಯೆಯನ್ನು ಕೊಟ್ಟನು. ಒಂದು, ಮೂರರಲ್ಲಿ ಒಂದು, ಆರರಲ್ಲಿ ಒಂದು, ಹತ್ತರಲ್ಲಿ ಒಂದು, ಹೀಗೆ ಕೊನೆಯಿಲ್ಲದೆ ಸಾಗುವ ಭಿನ್ನರಾಶಿಗಳ ಮೊತ್ತವೆಷ್ಟು? ಲೈಬ್ನಿಟ್ಸನು ಪ್ರತಿಯೊಂದು ಪದವನ್ನೂ ಎರಡು ಭಿನ್ನರಾಶಿಗಳ ವ್ಯತ್ಯಾಸವಾಗಿ ಬಿಡಿಸಿ ಬರೆದನು. ಆಗ ಪ್ರತಿ ಪದದ ಹಿಂಬದಿಯು ಮುಂದಿನ ಪದದ ಮುಂಬದಿಯೊಡನೆ ಹೊಡೆದುಹೋಗಿ, ಕೊನೆಯಲ್ಲಿ ಉಳಿದ ಉತ್ತರ 2. ಬರೆಯುವ ರೀತಿಯನ್ನು ಬದಲಿಸಿದರೆ ಕಠಿಣ ಸಮಸ್ಯೆಯೂ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬ ಪಾಠವನ್ನು ಅವನು ಇಲ್ಲಿಯೇ ಕಲಿತನು.

1673ರಲ್ಲಿ ತಾನು ರಚಿಸಿದ ಗಣಕಯಂತ್ರವನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರದರ್ಶಿಸಿ, ಅದೇ ವರ್ಷ ಅದರ ಸದಸ್ಯನಾದನು. ಆದರೆ ಆ ಯಾತ್ರೆಯಲ್ಲಿ ಒಂದು ಕಹಿ ಪ್ರಸಂಗವೂ ನಡೆಯಿತು. ರಾಬರ್ಟ್ ಬಾಯ್ಲನ ಮನೆಯಲ್ಲಿ ತನ್ನದೆಂದು ಹೇಳಿಕೊಂಡ ಫಲಿತಾಂಶವೊಂದು ಫ್ರಾನ್ಸಿನ ಮೂಟಾನನ ಪುಸ್ತಕದಲ್ಲಿ ಆಗಲೇ ಅಚ್ಚಾಗಿದೆಯೆಂದು ಹಿರಿಯ ಗಣಿತಜ್ಞ ಜಾನ್ ಪೆಲ್ ಎತ್ತಿ ತೋರಿಸಿದನು. ಲೈಬ್ನಿಟ್ಸನು ಆ ಪುಸ್ತಕವನ್ನು ಕಂಡಿರಲಿಲ್ಲವಾದರೂ ಸಭೆಯಲ್ಲಿ ತಲೆತಗ್ಗಿಸಬೇಕಾಯಿತು. ಅಂದು ಬಿದ್ದ ಸಂಶಯದ ಬೀಜ ಮುಂದೆ ಮರವಾಗಿ ಬೆಳೆಯಿತು.

ಮರುವರ್ಷ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು ಬೆಸಸಂಖ್ಯೆಗಳ ಅನಂತ ಶ್ರೇಢಿಯಾಗಿ ಬರೆದು ತೋರಿಸಿದನು. ಈ ಶ್ರೇಢಿಯನ್ನು ಎರಡು ಶತಮಾನಗಳಿಗೂ ಹಿಂದೆ ಕೇರಳದ ಮಾಧವಾಚಾರ್ಯರ ಪರಂಪರೆಯವರು ಕಂಡಿದ್ದರೆಂಬುದು ಭಾರತೀಯರಿಗೆ ಹೆಮ್ಮೆಯ ವಿಷಯ.

1675ರ ಅಕ್ಟೋಬರ್ 29ರಂದು ಬರೆದ ಹಾಳೆಯೊಂದರಲ್ಲಿ ಲೈಬ್ನಿಟ್ಸನು ಮೊತ್ತವೆಂಬ ಅರ್ಥದ ಲ್ಯಾಟಿನ್ ಪದದ ಮೊದಲಕ್ಷರವನ್ನು ಉದ್ದವಾಗಿ ಎಳೆದು ∫ ಎಂಬ ಚಿಹ್ನೆಯನ್ನು ಬಳಸಿದನು. ಕೆಲವೇ ದಿನಗಳಲ್ಲಿ, ನವೆಂಬರ್ 11ರಂದು, ಅತ್ಯಲ್ಪ ವ್ಯತ್ಯಾಸವನ್ನು ಸೂಚಿಸಲು ಡಿ ಅಕ್ಷರವನ್ನು ಬಳಕೆಗೆ ತಂದನು. ಎರಡು ರಾಶಿಗಳ ಗುಣಲಬ್ಧದ ವ್ಯತ್ಯಾಸವು ಅವುಗಳ ವ್ಯತ್ಯಾಸಗಳ ಗುಣಲಬ್ಧವೇ ಆಗಿರಬಹುದೇ ಎಂದು ಅಂದೇ ಶಂಕಿಸಿ, ಉದಾಹರಣೆಯಿಂದ ಪರೀಕ್ಷಿಸಿ, ಅಲ್ಲವೆಂದು ಮನಗಂಡನು. ತಾನೇ ಕಟ್ಟಿದ ಚಿಹ್ನೆ ತನ್ನನ್ನೇ ದಾರಿತಪ್ಪಿಸಬಾರದೆಂಬ ಎಚ್ಚರ ಅವನಿಗಿತ್ತು.

ಚಿಹ್ನೆಗಳ ಆಯ್ಕೆ

1676ರ ಕೊನೆಗೆ ಲೈಬ್ನಿಟ್ಸನು ಹ್ಯಾನೋವರ್ ಸಂಸ್ಥಾನದ ಗ್ರಂಥಪಾಲನಾಗಿ ನೇಮಕಗೊಂಡನು. ಮುಂದಿನ ನಲವತ್ತು ವರ್ಷ ಮೂವರು ಅರಸರ ಕೈಕೆಳಗೆ ಗಣಿಗಳ ನೀರೆತ್ತುವ ಯಂತ್ರಗಳಿಂದ ಹಿಡಿದು ರಾಜವಂಶದ ಇತಿಹಾಸದವರೆಗೆ ಹಲವು ಹೊಣೆಗಳನ್ನು ಹೊತ್ತನು. ಇವುಗಳ ಬಿಡುವಿನಲ್ಲಿಯೇ ಗಣಿತವೂ ಪತ್ರವ್ಯವಹಾರವೂ ನಡೆದವು. ಸುಮಾರು 1100 ಮಂದಿಯೊಡನೆ ಅವನು ನಡೆಸಿದ ಪತ್ರವ್ಯವಹಾರದ 15,000ಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಒಂದು ಚಿಹ್ನೆಯನ್ನು ಬಳಕೆಗೆ ತರುವ ಮುನ್ನ ಮಿತ್ರರಿಗೆ ಬರೆದು ಅದರ ಗುಣದೋಷಗಳನ್ನು ಚರ್ಚಿಸುವುದು ಅವನ ಪದ್ಧತಿ.

ಆ ಕಾಲದಲ್ಲಿ ಚಿಹ್ನೆಗಳ ಪ್ರಪಂಚ ಅರಾಜಕವಾಗಿತ್ತು. ಇಂಗ್ಲೆಂಡಿನ ರೆಕಾರ್ಡನು 1557ರಲ್ಲಿ ಸೂಚಿಸಿದ ಸಮಚಿಹ್ನೆಗೆ ಎದುರಾಗಿ ಫ್ರಾನ್ಸಿನ ಡೆಕಾರ್ಟ್‌ನ ಬೇರೊಂದು ಚಿಹ್ನೆ ನಿಂತಿತ್ತು. ನಡುವೆ ಗೆರೆ, ಮೇಲೆ ಕೆಳಗೆ ಚುಕ್ಕೆಯುಳ್ಳ ÷ ಚಿಹ್ನೆಯನ್ನು ಸ್ವಿಟ್ಸರ್ಲೆಂಡಿನ ರಾನ್ ಎಂಬವನು 1659ರಲ್ಲಿ ಭಾಗಾಕಾರಕ್ಕೆ ಬಳಸಿದನು. ಅದೇ ಚಿಹ್ನೆಯನ್ನು ಜರ್ಮನಿಯ ಎಷ್ಟೋ ಲೆಕ್ಕದ ಪುಸ್ತಕಗಳು ವ್ಯವಕಲನಕ್ಕೆ ಬಳಸುತ್ತಿದ್ದವು. ಒಂದು ಊರಿನಲ್ಲಿ ಭಾಗಿಸೆಂದು ಹೇಳುವ ಗುರುತು ಇನ್ನೊಂದು ಊರಿನಲ್ಲಿ ಕಳೆಯೆಂದು ಹೇಳಿದರೆ ವಿದ್ಯಾರ್ಥಿಯ ಗತಿಯೇನು?

ಲೈಬ್ನಿಟ್ಸನು ಸಮತೆಗೆ ರೆಕಾರ್ಡನ ಚಿಹ್ನೆಯನ್ನು ಎತ್ತಿಹಿಡಿದನು. 1684ರಲ್ಲಿ ಕಲನಗಣಿತವನ್ನು ಲೋಕಕ್ಕೆ ಸಾರಿದ ಪ್ರಸಿದ್ಧ ಲೇಖನದಲ್ಲಿ ಭಾಗಾಕಾರಕ್ಕೆ ಎರಡು ಚುಕ್ಕೆಗಳನ್ನು ಬಳಸಿದನು. 1698ರಲ್ಲಿ ಯೋಹಾನ್ ಬೆರ್ನೂಲಿಗೆ ಬರೆದ ಪತ್ರದಲ್ಲಿ, ಗುಣಾಕಾರದ × ಚಿಹ್ನೆಯು ಬೀಜಗಣಿತದ ಎಕ್ಸ್ ಅಕ್ಷರದಂತೆಯೇ ಕಾಣುವುದರಿಂದ ತನಗೆ ಹಿಡಿಸದೆಂದೂ, ಅದರ ಬದಲು ಒಂದು ಚುಕ್ಕೆ ಸಾಕೆಂದೂ ತಿಳಿಸಿದನು. ಪದಗಳ ಗುಂಪನ್ನು ಸೂಚಿಸಲು ಅವುಗಳ ತಲೆಯ ಮೇಲೆ ಗೆರೆ ಎಳೆಯುವ ವಾಡಿಕೆ ಆಗ ಇತ್ತು. ಮೊಳೆ ಜೋಡಿಸುವವರಿಗೆ ಅದು ದೊಡ್ಡ ಕಷ್ಟ. ಲೈಬ್ನಿಟ್ಸನು ಅದರ ಸ್ಥಾನದಲ್ಲಿ ಆವರಣವನ್ನು ಪ್ರಚಾರಗೊಳಿಸಿದನು. 1710ರಲ್ಲಿ ಬರ್ಲಿನ್ ಅಕಾಡೆಮಿಯ ಮೊದಲ ಸಂಪುಟದಲ್ಲಿ ಬೀಜಗಣಿತದ ಚಿಹ್ನೆಗಳನ್ನು ಕುರಿತ ಸೂಚನೆಗಳು ಅಚ್ಚಾದವು.

ಈ ಆವರಣದ ಬೆಲೆ ಮೊದಲು ಹೇಳಿದ ಒಗಟಿನಲ್ಲಿ ಸ್ಪಷ್ಟವಾಗುತ್ತದೆ. (8÷2)(2+2) ಎಂದು ಬರೆದರೆ 16 ಅಲ್ಲದೆ ಬೇರೆ ಉತ್ತರವಿಲ್ಲ. 8÷(2(2+2)) ಎಂದು ಬರೆದರೆ 1 ಅಲ್ಲದೆ ಬೇರೆ ಉತ್ತರವಿಲ್ಲ. ಒಂದು ಜೊತೆ ಆವರಣ ಸೇರಿದೊಡನೆ ವಾಗ್ವಾದವೇ ಮಾಯವಾಗುತ್ತದೆ. ಶಾಲೆಗಳಲ್ಲಿ ಕಲಿಸುವ ಬೋಡ್ಮಾಸ್ ಸೂತ್ರವು ಸಂಪ್ರದಾಯವೇ ಹೊರತು ನಿಸರ್ಗದ ನಿಯಮವಲ್ಲ. ಅದರ ಅಕ್ಷರಕ್ರಮವನ್ನು ನೋಡಿ ಭಾಗಾಕಾರವು ಯಾವಾಗಲೂ ಗುಣಾಕಾರಕ್ಕಿಂತ ಮೊದಲೆಂದು ತಿಳಿಯುವ ಮಕ್ಕಳುಂಟು. ನಿಜವಾಗಿ ಅವೆರಡೂ ಸಮಾನ, ಎಡದಿಂದ ಬಲಕ್ಕೆ ಬಂದ ಹಾಗೆ ಮಾಡಬೇಕೆಂಬುದೇ ರೂಢಿ. ಆದರೆ ಬೀಜಗಣಿತದಲ್ಲಿ ಚಿಹ್ನೆಯಿಲ್ಲದೆ ಅಂಟಿಕೊಂಡ ಪದಗಳನ್ನು ಒಂದೇ ಘಟಕವೆಂದು ಓದುವ ರೂಢಿಯೂ ಅನೇಕ ಗ್ರಂಥಗಳಲ್ಲಿದೆ. ಎರಡು ರೂಢಿಗಳು ಡಿಕ್ಕಿ ಹೊಡೆಯುವ ಸ್ಥಳದಲ್ಲಿಯೇ ಒಗಟುಗಾರನು ತನ್ನ ಬಲೆ ಹಾಸುತ್ತಾನೆ. 2009ರ ಅಂತರರಾಷ್ಟ್ರೀಯ ಮಾನಕವು ÷ ಚಿಹ್ನೆಯನ್ನು ಭಾಗಾಕಾರಕ್ಕೆ ಬಳಸಬಾರದೆಂದೇ ಸೂಚಿಸಿದೆ.

ಜಾಣನೂ ಎಡವಿದ ಒಗಟು

ಇಂಥ ಬಲೆಗೆ ಲೈಬ್ನಿಟ್ಸನೂ ಒಮ್ಮೆ ಸಿಕ್ಕಿದನು. ಇಟಲಿಯ ಸಂನ್ಯಾಸಿ ಗಣಿತಜ್ಞ ಗ್ವೀಡೊ ಗ್ರಾಂಡಿಯು 1703ರಲ್ಲಿ 1−1+1−1+1−1 ಎಂದು ಅನಂತವಾಗಿ ಸಾಗುವ ಶ್ರೇಢಿಯನ್ನು ಚರ್ಚಿಸಿದನು. ಎರಡೆರಡು ಪದಗಳಿಗೆ ಆವರಣ ಹಾಕುತ್ತ ಹೋದರೆ ಮೊತ್ತ ಸೊನ್ನೆ. ಮೊದಲ ಒಂದನ್ನು ಹೊರಗಿಟ್ಟು ಆವರಣ ಹಾಕಿದರೆ ಮೊತ್ತ ಒಂದು. 1713ರಲ್ಲಿ ಕ್ರಿಶ್ಚಿಯನ್ ವೋಲ್ಫನಿಗೆ ಬರೆದ ಪತ್ರದಲ್ಲಿ ಲೈಬ್ನಿಟ್ಸನು, ಸೊನ್ನೆಯೂ ಒಂದೂ ಸಮಾನ ಸಂಭವವಾದ್ದರಿಂದ ಮೊತ್ತವು ಅವುಗಳ ಸರಾಸರಿಯಾದ ಅರ್ಧವೆಂದು ವಾದಿಸಿದನು. ಇಂಥ ಶ್ರೇಢಿಗೆ ಸಾಮಾನ್ಯ ಅರ್ಥದಲ್ಲಿ ಮೊತ್ತವೇ ಇಲ್ಲವೆಂಬುದು ನೂರು ವರ್ಷಗಳ ಅನಂತರ, 1821ರಲ್ಲಿ, ಕೋಶಿಯ ಗ್ರಂಥದಿಂದ ಸ್ಥಿರವಾಯಿತು. ಚಿಹ್ನೆಗಳ ಸಾಲು ಇದ್ದಮಾತ್ರಕ್ಕೆ ಅದಕ್ಕೊಂದು ಉತ್ತರ ಇರಲೇಬೇಕೆಂಬ ನಿಯಮವಿಲ್ಲ.

ವಿವಾದದ ಬೇಗೆ

ಇಂಗ್ಲೆಂಡಿನ ನ್ಯೂಟನ್ನನು 1665-66ರ ಸುಮಾರಿಗೇ ಕಲನಗಣಿತದ ತತ್ತ್ವಗಳನ್ನು ಕಂಡಿದ್ದನಾದರೂ ಅಚ್ಚು ಹಾಕಿಸಿರಲಿಲ್ಲ. 1676ರಲ್ಲಿ ಲೈಬ್ನಿಟ್ಸನಿಗಾಗಿ ಬರೆದ ಪತ್ರದಲ್ಲಿ ತನ್ನ ತತ್ತ್ವವನ್ನು ಒಂದು ಲ್ಯಾಟಿನ್ ವಾಕ್ಯವಾಗಿ ರಚಿಸಿ, ಅದರ ಅಕ್ಷರಗಳನ್ನು ಎಣಿಸಿ, ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂಬುದನ್ನಷ್ಟೇ ಗೂಢಲಿಪಿಯಾಗಿ ಬರೆದನು. ಅದನ್ನು ಬಿಡಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. 1677ರಲ್ಲಿ ಉತ್ತರ ಬರೆದ ಲೈಬ್ನಿಟ್ಸನು ತನ್ನ ಪದ್ಧತಿಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿದನು. ಆದರೆ ಅವನದೂ ತಪ್ಪಿಲ್ಲದಿಲ್ಲ. 1684ರ ಲೇಖನದಲ್ಲಿ ನ್ಯೂಟನ್ನನ ಹೆಸರನ್ನೆತ್ತಲಿಲ್ಲ.

ಕೃತಿಚೌರ್ಯದ ಆರೋಪ ಬಹಿರಂಗವಾದಾಗ ಲೈಬ್ನಿಟ್ಸನು 1711ರಲ್ಲಿ ರಾಯಲ್ ಸೊಸೈಟಿಗೇ ದೂರಿತ್ತನು. ಸೊಸೈಟಿಯು ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷಪೀಠದಲ್ಲಿದ್ದವನು ನ್ಯೂಟನ್ನನೇ; 1712ರ ವರದಿಯ ಕರಡನ್ನು ಬರೆದವನೂ ಅವನೇ. ಲೈಬ್ನಿಟ್ಸನ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ. ಅವನೂ ಹೆಸರಿಲ್ಲದ ಕರಪತ್ರದಿಂದ ಉತ್ತರ ಕೊಟ್ಟು ತನ್ನ ಘನತೆಯನ್ನು ಕುಂದಿಸಿಕೊಂಡನು. ಜಗಳಗಳೆಲ್ಲ ಲೆಕ್ಕದಿಂದ ತೀರ್ಮಾನವಾಗಬೇಕೆಂದು ಬಯಸಿದವನ ಬಾಳಿನಲ್ಲಿಯೇ ಲೆಕ್ಕಕ್ಕೆ ಸಿಕ್ಕದ ಜಗಳ ಹುಟ್ಟಿದ್ದು ವಿಧಿಯ ವಿಪರ್ಯಾಸ. ಇಬ್ಬರೂ ಸ್ವತಂತ್ರವಾಗಿಯೇ ಕಂಡುಹಿಡಿದರೆಂಬುದು ಇಂದಿನ ಇತಿಹಾಸಕಾರರ ನಿರ್ಣಯ.

ಕೊನೆಯ ದಿನಗಳು

1714ರಲ್ಲಿ ಹ್ಯಾನೋವರಿನ ಅರಸನು ಒಂದನೆಯ ಜಾರ್ಜ್ ಎಂಬ ಹೆಸರಿನಿಂದ ಇಂಗ್ಲೆಂಡಿನ ಸಿಂಹಾಸನವೇರಿದನು. ರಾಜವಂಶದ ಇತಿಹಾಸವನ್ನು ಮುಗಿಸುವವರೆಗೆ ಲಂಡನ್ನಿಗೆ ಬರಕೂಡದೆಂದು ಲೈಬ್ನಿಟ್ಸನಿಗೆ ಆಜ್ಞೆಯಾಯಿತು. ಸಂಧಿವಾತದಿಂದ ನರಳುತ್ತ, ಇತಿಹಾಸವು ಮುಗಿಯದೆಯೇ, 1716ರ ನವೆಂಬರ್ 14ರಂದು ಅವನು ಕಣ್ಣುಮುಚ್ಚಿದನು. ನಲವತ್ತು ವರ್ಷ ಸೇವೆ ಸಲ್ಲಿಸಿದ ಆಸ್ಥಾನದಿಂದ ಅಂತ್ಯಕ್ರಿಯೆಗೆ ಬಂದವನು ಅವನ ಕಾರ್ಯದರ್ಶಿಯೊಬ್ಬನೇ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವನ ಸಮಾಧಿಯ ಮೇಲೆ ಹೆಸರೂ ಇರಲಿಲ್ಲ.

ಆದರೆ ಚಿಹ್ನೆಗಳು ಉಳಿದವು. ನ್ಯೂಟನ್ನನ ಮೇಲಿನ ಅಭಿಮಾನದಿಂದ ಅವನ ಚುಕ್ಕೆಯ ಸಂಕೇತಗಳಿಗೇ ಅಂಟಿಕೊಂಡ ಇಂಗ್ಲೆಂಡಿನ ಗಣಿತವು ಯುರೋಪಿನ ಗಣಿತದಿಂದ ದೂರವಾಗಿ ಹಿಂದೆ ಬಿದ್ದಿತು. 1812ರಲ್ಲಿ ಕೇಂಬ್ರಿಜ್ಜಿನ ಬ್ಯಾಬೇಜ್, ಪೀಕಾಕ್, ಹರ್ಷೆಲ್ ಮೊದಲಾದ ವಿದ್ಯಾರ್ಥಿಗಳು ಸಂಘವೊಂದನ್ನು ಕಟ್ಟಿ ಲೈಬ್ನಿಟ್ಸನ ಸಂಕೇತಗಳನ್ನೇ ತರಬೇಕೆಂದು ಹಟಹಿಡಿದರು. 1817ರಲ್ಲಿ ಪೀಕಾಕನು ಅವುಗಳನ್ನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿಯೇ ಬಳಸಿದನು. ಇಂದು ಕರ್ನಾಟಕದ ಕಾಲೇಜು ವಿದ್ಯಾರ್ಥಿಯು ಅನುಕಲನದ ಲೆಕ್ಕಕ್ಕೆ ಕುಳಿತಾಗ ಮೊದಲು ಎಳೆಯುವ ಉದ್ದನೆಯ ಗೆರೆ 1675ರ ಆ ಹಾಳೆಯದೇ. 1703ರಲ್ಲಿ ಅವನು ಪ್ರಕಟಿಸಿದ, ಸೊನ್ನೆ ಮತ್ತು ಒಂದು ಮಾತ್ರವುಳ್ಳ ದ್ವಿಮಾನ ಪದ್ಧತಿಯು ಈಗಿನ ಗಣಕಯಂತ್ರಗಳ ಉಸಿರಾಗಿದೆ. ಹ್ಯಾನೋವರಿನಲ್ಲಿರುವ ಅವನ ಪತ್ರಸಂಗ್ರಹವನ್ನು ಯುನೆಸ್ಕೋ ಸಂಸ್ಥೆಯು 2007ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಕಪ್ಪುಹಲಗೆಯ ಮುಂದೆ ನಿಲ್ಲುವ ಉಪಾಧ್ಯಾಯರಿಗೆ ಈ ಚರಿತ್ರೆಯು ಒಂದು ಎಚ್ಚರಿಕೆಯನ್ನು ಕೊಡುತ್ತದೆ. ವಿದ್ಯಾರ್ಥಿಯ ಉತ್ತರಕ್ಕೆ ತಪ್ಪು ಗುರುತು ಹಾಕುವ ಮುನ್ನ ಪ್ರಶ್ನೆಯು ಒಂದೇ ಅರ್ಥವನ್ನು ಕೊಡುತ್ತಿದೆಯೇ ಎಂದು ನೋಡಬೇಕು. ಎರಡರ್ಥದ ಪ್ರಶ್ನೆಯನ್ನು ಕೊಟ್ಟು ಒಂದೇ ಉತ್ತರಕ್ಕೆ ಅಂಕ ನೀಡಿದರೆ, ಸರಿಯಾಗಿ ಯೋಚಿಸಿದ ಮಗುವೂ ತನಗೆ ಲೆಕ್ಕ ಬಾರದೆಂದು ನಂಬಿಬಿಡುತ್ತದೆ. ಆ ನಷ್ಟವನ್ನು ತಪ್ಪಿಸಲು ಒಂದು ಜೊತೆ ಆವರಣ ಸಾಕು.