ಸರ್ ಆಲ್ಬರ್ಟ್ ಹೋವರ್ಡ್ (1873–1947): ಇಂದೋರ್ ಕಾಂಪೋಸ್ಟ್ ಪದ್ಧತಿಯ ಪ್ರವರ್ತಕರು

ಮಣ್ಣಿನ ಫಲವತ್ತತೆಯ ಸಂರಕ್ಷಣೆಯಲ್ಲಿ ಸಾವಯವ ಗೊಬ್ಬರದ ಮಹತ್ವವನ್ನು ವೈಜ್ಞಾನಿಕವಾಗಿ ಪ್ರತಿಪಾದಿಸಿದವರಲ್ಲಿ ಸರ್ ಆಲ್ಬರ್ಟ್ ಹೋವರ್ಡ್ ಪ್ರಮುಖರು. ಇಂದಿಗೂ ಬಳಕೆಯಲ್ಲಿರುವ ಇಂದೋರ್ ಕಾಂಪೋಸ್ಟ್ ಪದ್ಧತಿಯು ಇವರ ಕೊಡುಗೆಯಾಗಿದೆ.

ಜನನ ಮತ್ತು ಆರಂಭಿಕ ಸೇವೆ

ಹೋವರ್ಡ್ ಅವರು 1873ರ ಡಿಸೆಂಬರ್ 8ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತ್ಯದ ಕೃಷಿಕ ಕುಟುಂಬದಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮುಗಿಸಿ, 1899ರಿಂದ 1902ರವರೆಗೆ ವೆಸ್ಟ್ ಇಂಡೀಸ್‌ನಲ್ಲಿ ಬೆಳೆಗಳ ಶಿಲೀಂಧ್ರ ರೋಗಗಳ ತಜ್ಞರಾಗಿ ಸೇವೆ ಸಲ್ಲಿಸಿದರು. ರೈತರಿಗೆ ನೀಡುವ ಸಲಹೆಯನ್ನು ಮೊದಲು ತಾವೇ ಪರೀಕ್ಷಿಸಿ ನೋಡಲು ತಮಗೆ ಸ್ವಂತ ಹೊಲವಿಲ್ಲವೆಂಬ ಕೊರತೆ ಅವರನ್ನು ಅಲ್ಲಿ ಬಾಧಿಸಿತು.

ಪೂಸಾದಲ್ಲಿ ಸಂಶೋಧನೆ

1905ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಗೆ ಸಸ್ಯತಜ್ಞರಾಗಿ ನೇಮಕಗೊಂಡ ನಂತರ ಈ ಕೊರತೆ ನೀಗಿತು. ಇಲ್ಲಿ ಅವರಿಗೆ 75 ಎಕರೆ ಜಮೀನು ದೊರೆಯಿತು. ಸುತ್ತಲಿನ ರೈತರು ಯಾವುದೇ ಕೀಟನಾಶಕವಿಲ್ಲದೆ ಆರೋಗ್ಯಕರ ಬೆಳೆ ತೆಗೆಯುತ್ತಿದ್ದುದನ್ನು ಗಮನಿಸಿದ ಅವರು, ಆ ರೈತರನ್ನೇ ತಮ್ಮ ಗುರುಗಳೆಂದು ಭಾವಿಸಿದರು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯಲ್ ಅವರೊಡನೆ ಸುಧಾರಿತ ಗೋಧಿ ತಳಿಗಳನ್ನು ಅಭಿವೃದ್ಧಿಪಡಿಸಿದರು. ಆದರೆ ಉತ್ತಮ ತಳಿಯೊಂದರಿಂದಲೇ ಇಳುವರಿ ಹೆಚ್ಚುವುದಿಲ್ಲ, ಮಣ್ಣೂ ಸುಧಾರಿಸಬೇಕೆಂಬುದು ಅವರಿಗೆ ಮನವರಿಕೆಯಾಯಿತು. ಸಂಶೋಧನೆಯು ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿದ್ದುದರಿಂದ ಬೆಳೆ ಮತ್ತು ಮಣ್ಣನ್ನು ಒಟ್ಟಾಗಿ ಅಧ್ಯಯನ ಮಾಡುವುದು ಪೂಸಾದಲ್ಲಿ ಕಷ್ಟಸಾಧ್ಯವಾಗಿತ್ತು.

ಇಂದೋರ್ ಪದ್ಧತಿ

ಈ ಉದ್ದೇಶಕ್ಕಾಗಿಯೇ 1924ರಲ್ಲಿ ಇಂದೋರಿನಲ್ಲಿ ಸಸ್ಯೋದ್ಯಮ ಸಂಸ್ಥೆಯನ್ನು ಸ್ಥಾಪಿಸಿದರು. ಹಳ್ಳಿಗಳಲ್ಲಿ ಸಗಣಿಯ ಬಹುಭಾಗವು ಬೆರಣಿಯಾಗಿ ಒಲೆ ಸೇರುತ್ತಿದ್ದು, ಹೊಲಕ್ಕೆ ಗೊಬ್ಬರದ ಕೊರತೆಯಿತ್ತು. ಲಭ್ಯವಿರುವ ಅಲ್ಪ ಸಗಣಿಯಿಂದಲೇ ಹೆಚ್ಚು ಗೊಬ್ಬರ ಪಡೆಯುವ ವಿಧಾನವನ್ನು ಅವರು ರೂಪಿಸಿದರು. ಬೆಳೆಯ ಉಳಿಕೆ, ಕಳೆ ಮತ್ತು ತರಗೆಲೆಗಳನ್ನು ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು ಹಾಗೂ ಬೂದಿಯೊಡನೆ ಪದರ ಪದರವಾಗಿ ಗುಂಡಿಗೆ ತುಂಬಿ, ತೇವ ಕಾಪಾಡಿ, ಗಾಳಿಯಾಡಲು ಮೂರು ಬಾರಿ ತಿರುವಿ ಹಾಕಿದರೆ ಸುಮಾರು 3 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಧಾನವನ್ನು ವಿವರಿಸಿದರು.

ಗುಂಡಿ ತಿರುವಲು ಹೆಚ್ಚಿನ ಕೂಲಿ ಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿಯನ್ನು ಮಣ್ಣಿನಿಂದ ಮುಚ್ಚುವುದರಿಂದ ತಿರುವುವ ಅಗತ್ಯವಿಲ್ಲ. ಆದರೆ ಗೊಬ್ಬರ ಮಾಗಲು ಹೆಚ್ಚು ಕಾಲಾವಧಿ ಬೇಕು.

ಕೊನೆಯ ವರ್ಷಗಳು

1930ರಲ್ಲಿ ಪತ್ನಿಯ ವಿಯೋಗವಾಯಿತು. ಮರುವರ್ಷ ಹೋವರ್ಡ್ ಸ್ವದೇಶಕ್ಕೆ ಮರಳಿದರು. 1934ರಲ್ಲಿ ಅವರಿಗೆ ಸರ್ ಪದವಿ ಲಭಿಸಿತು. ರಾಸಾಯನಿಕ ಗೊಬ್ಬರವು ಮಣ್ಣಿನ ಸಾವಯವ ಅಂಶಕ್ಕೆ ಬದಲಿಯಾಗಲಾರದೆಂದು 1940ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದರು. ಫಲವತ್ತಾದ ಮಣ್ಣಿನಲ್ಲಿ ಬೆಳೆಗೆ ರೋಗವೇ ಬಾರದೆಂಬ ಅವರ ನಿಲುವನ್ನು ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಮಣ್ಣಿನಿಂದ ಪಡೆದದ್ದನ್ನು ಮಣ್ಣಿಗೆ ಹಿಂದಿರುಗಿಸಬೇಕೆಂಬ ಅವರ ಮೂಲತತ್ತ್ವವು ಸರ್ವಮಾನ್ಯವಾಯಿತು. 1947ರ ಅಕ್ಟೋಬರ್ 20ರಂದು ಅವರು ನಿಧನರಾದರು.

ರೈತ ಬಾಂಧವರ ಗಮನಕ್ಕೆ

2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ನಮೂದಿಸಲಾಗುವ 12 ಅಂಶಗಳಲ್ಲಿ ಸಾವಯವ ಇಂಗಾಲವೂ ಒಂದು. ಹೋವರ್ಡ್ ಅವರು ಜೀವನವಿಡೀ ಒತ್ತಿ ಹೇಳಿದ್ದು ಇದೇ ಅಂಶವನ್ನು. ಚೀಟಿಯಲ್ಲಿ ಇದು ಕಡಿಮೆಯೆಂದು ಕಂಡುಬಂದಲ್ಲಿ, ಬೆಳೆಯ ಉಳಿಕೆಯನ್ನು ಸುಡದೆ ಕಾಂಪೋಸ್ಟ್ ತಯಾರಿಸಿ ಹೊಲಕ್ಕೆ ಹಾಕಬೇಕು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಮಾತ್ರ ಬಳಸಬೇಕು. ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.