ಸೋಪ್ ಶಾಸ್ತ್ರಿಗಳು

ನಮ್ಮ ತಲ್ಲೂರಿನ ಮನೆಯಲ್ಲಿ ಅಜ್ಜಿಯ ಕಪಾಟು ತೆಗೆದರೆ ಮೊದಲು ಬರುವುದು ಗಂಧದ ಪರಿಮಳ. ಸೀರೆಗಳ ನಡುವೆ ಬಿಚ್ಚದೇ ಇಟ್ಟ ಮೈಸೂರು ಸ್ಯಾಂಡಲ್ ಸೋಪು. ಅದು ಮೈಗೆ ಹಚ್ಚಿದ್ದಕ್ಕಿಂತ ಕಪಾಟಿನಲ್ಲಿ ಕೂತದ್ದೇ ಜಾಸ್ತಿ. ನಾನು ಕೆಮಿಕಲ್ ಬ್ರಾಂಚ್ ತೆಗೆದುಕೊಂಡಾಗ ಊರಿನವರೆಲ್ಲ ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ ಅಂತ ಕೇಳಿದರು. ಅಜ್ಜಿ ಮಾತ್ರ, ಅದರಲ್ಲಿ ಎಂತ ಮಾಡ್ತಾರೆ ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಎಸ್. ಜಿ. ಶಾಸ್ತ್ರಿಗಳ ಬಗ್ಗೆ ಓದಿದ ಮೇಲೆ, ಉತ್ತರ ಅದೇ ಕಪಾಟಿನಲ್ಲಿತ್ತು ಅಂತ ಗೊತ್ತಾಯ್ತು.

ಪೂರ್ತಿ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಸೋಸಲೆ ಇರುವುದು ತಿರುಮಕೂಡಲು ನರಸೀಪುರದ ಹತ್ತಿರ. ಗರಳಪುರಿ ಅಂದರೆ ನಂಜನಗೂಡು. ಹೆಸರಿನಲ್ಲೇ ಎರಡು ಊರು ಇಟ್ಟುಕೊಂಡಿದ್ದ ಈ ಮನುಷ್ಯನಿಗೆ ಕೊನೆಗೆ ಜನ ಇಟ್ಟ ಹೆಸರು ಸೋಪ್ ಶಾಸ್ತ್ರಿ. ಸೆಪ್ಟೆಂಬರ್ 15 ಬಂದರೆ ನಾವೆಲ್ಲ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ, ಕನ್ನಂಬಾಡಿ ಕಟ್ಟೆಯ ಬಗ್ಗೆ ಭಾಷಣ ಕೇಳುತ್ತೇವೆ. ಅವರೇ ಆರಿಸಿ ಇಂಗ್ಲೆಂಡಿಗೆ ಕಳಿಸಿದ ಈ ಕೆಮಿಸ್ಟ್‌ನ ಹೆಸರು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಕಥೆ ಶುರುವಾಗುವುದು ಒಂದು ನಷ್ಟದಿಂದ. ಶ್ರೀಗಂಧದ ಮರ ಟಿಪ್ಪುವಿನ ಕಾಲದಿಂದಲೂ ಮೈಸೂರಿನಲ್ಲಿ ಸರ್ಕಾರದ ಸೊತ್ತು. ಆದರೆ ಸರ್ಕಾರ ಮಾಡುತ್ತಿದ್ದದ್ದು ಮರ ಕಡಿದು ಹರಾಜು ಹಾಕುವುದಷ್ಟೇ. ಮರ ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ, ಲಾಭ ಎರಡೂ ಅಲ್ಲೇ. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ಜರ್ಮನಿಯ ಬಾಗಿಲು ಮುಚ್ಚಿತು. ಗಂಧದ ಕೊರಡು ಗೋದಾಮಿನಲ್ಲಿ ರಾಶಿ ಬಿತ್ತು, ಖಜಾನೆಗೆ ಪೆಟ್ಟು ಬಿತ್ತು.

ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯಲ್ಲಿ ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರೊಫೆಸರುಗಳು ಗಂಧದೆಣ್ಣೆ ಇಳಿಸುವ ಪ್ರಯೋಗ ಮಾಡಿದರು. ಕೇಳಲು ಸುಲಭ, ಮಾಡಲು ಅಲ್ಲ. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಯಲ್ಲಿ. ಅಷ್ಟು ಕಾಯಿಸಿದರೆ ಪರಿಮಳ ಹಾಳಾಗುತ್ತೆ. ಮರದ ಪುಡಿಯ ಮೂಲಕ ಹಬೆ ಹಾಯಿಸಿದರೆ 100 ಡಿಗ್ರಿಯ ಆಸುಪಾಸಿನಲ್ಲೇ ಎಣ್ಣೆ ಹಬೆಯ ಜೊತೆ ಎದ್ದು ಬರುತ್ತೆ. ನಮ್ಮ ಮಾಸ್ ಟ್ರಾನ್ಸ್‌ಫರ್ ಪುಸ್ತಕದಲ್ಲಿ ಸ್ಟೀಮ್ ಡಿಸ್ಟಿಲೇಶನ್ ಅಂತ ಎರಡು ಪುಟದಲ್ಲಿ ಮುಗಿಯುವ ವಿಷಯವೇ ಇದು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಮಟ್ಟದಲ್ಲಿ ಎಣ್ಣೆ ಇಳಿಯಿತು, ಆಮೇಲೆ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆಯೇ ಬಂತು.

ಎಣ್ಣೆ ಆಯ್ತು, ಸೋಪು ಯಾಕೆ? ಫ್ರಾನ್ಸಿನಿಂದ ಬಂದ ಅತಿಥಿಗಳು ಮೈಸೂರಿನದೇ ಗಂಧದೆಣ್ಣೆಯಿಂದ ಮಾಡಿದ ಸೋಪನ್ನು ಮಹಾರಾಜರಿಗೆ ಉಡುಗೊರೆ ಕೊಟ್ಟರು, ನಾವೇ ಯಾಕೆ ಮಾಡಬಾರದು ಅಂತ ಅವರಿಗೆ ಆಗ ಅನಿಸಿತು ಅಂತ ಒಂದು ಕಥೆ ಇದೆ. ಕಥೆ ಹೇಗೂ ಇರಲಿ, ಬೊಂಬಾಯಿಯಿಂದ ತಜ್ಞರನ್ನು ಕರೆಸಿ ಸೋಪಿನ ಪ್ರಯೋಗ ನಡೆಸಿದರು. ತಜ್ಞರು ಬಂದು ಹೋಗುವವರು, ಊರಲ್ಲೇ ಉಳಿಯುವವರು ಬೇಕಲ್ಲ. ಹಾಗೆ ತರುಣ ಶಾಸ್ತ್ರಿಗಳನ್ನು ಸೋಪು ಮತ್ತು ಸುಗಂಧದ ತಂತ್ರಜ್ಞಾನ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ವಾಪಸ್ ಬಂದರು. ಇವತ್ತು ಎಂಎಸ್ ಮಾಡಲು ಹೋಗುವ ನಮ್ಮ ಸೀನಿಯರ್‌ಗಳನ್ನು ನೋಡಿದರೆ, ಈ ವಾಪಸ್ ಬಂದರು ಅನ್ನುವುದನ್ನು ನಾನು ಎರಡು ಸಲ ಓದಿಕೊಂಡೆ.

1918ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್ ಹತ್ತಿರ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾಯಿತು.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ, ಬೋರ್ ಮಾಡಲ್ಲ. ಗಂಧದೆಣ್ಣೆ ಪರಿಮಳ ಕೊಡುತ್ತೆ ಅಷ್ಟೇ, ಅದರಿಂದ ಸೋಪು ಆಗುವುದಿಲ್ಲ. ಸೋಪಿನ ಮೈ ಆಗುವುದು ಕೊಬ್ಬರಿ ಎಣ್ಣೆಯಂಥ ಸಸ್ಯದ ಎಣ್ಣೆ. ಇಂಥ ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲದ ಸರಪಳಿಗಳನ್ನು ಒಂದು ಗ್ಲಿಸರಿನ್ ಹಿಡಿದುಕೊಂಡಿರುತ್ತೆ. ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿದರೆ ಆ ಹಿಡಿತ ಬಿಡುತ್ತೆ. ಸರಪಳಿಗಳು ಸೋಡಿಯಂ ಜೊತೆ ಸೇರಿ ಸೋಪಾಗುತ್ತವೆ. ಉಪ್ಪುನೀರು ಸುರಿದರೆ ಸೋಪು ಮೇಲೆ ತೇಲುತ್ತೆ, ಗ್ಲಿಸರಿನ್ ಕೆಳಗಿನ ನೀರಿನಲ್ಲಿ ಉಳಿಯುತ್ತೆ. 1 ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಜಾಸ್ತಿಯಾದರೆ ಚರ್ಮ ಉರಿಯುತ್ತೆ, ಕಡಿಮೆಯಾದರೆ ಎಣ್ಣೆ ಹಾಗೇ ಉಳಿದು ಕಮಟು ವಾಸನೆ ಬರುತ್ತೆ.

ತಲ್ಲೂರಿನವನಿಗೆ ಇಲ್ಲೊಂದು ಖುಷಿಯ ವಿಷಯ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, ಬರೀ 12 ಕಾರ್ಬನ್‌ನ ಸಣ್ಣ ಸರಪಳಿ. ಅದಕ್ಕೇ ಅದರ ಸೋಪು ಸಪ್ಪೆ ಉಪ್ಪುನೀರಿನಲ್ಲೂ ನೊರೆ ಕೊಡುತ್ತೆ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ನಮ್ಮ ಕರಾವಳಿಯವರಿಗೆ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಆದರೆ ಬರೀ ಕೊಬ್ಬರಿ ಎಣ್ಣೆಯದೇ ಆದರೆ ಸೋಪು ಬೇಗ ಕರಗುತ್ತೆ, ಮೈ ಒಣಗಿಸುತ್ತೆ. ಉದ್ದ ಸರಪಳಿಯ ಬೇರೆ ಎಣ್ಣೆ ಬೆರೆಸಿ ಹದ ಮಾಡಬೇಕು. ಸೋಪು ಮಾಡುವವನ ಕೈಗುಣ ಗೊತ್ತಾಗುವುದು ಈ ಬೆರಕೆಯಲ್ಲೇ. ಗಂಧದೆಣ್ಣೆ ಸೇರಿಸುವುದು ಕೊನೆಗೆ, ಸೋಪು ಒಣಗಿ ಚೂರಾದ ಮೇಲೆ, ಬಿಸಿಗೆ ಪರಿಮಳ ಹಾರಿ ಹೋಗದ ಹಾಗೆ. ಸ್ಯಾಂಟಲಾಲ್ ಒಂದು ಆಲ್ಕೋಹಾಲ್, ಸೋಪಿನ ಕ್ಷಾರಕ್ಕೆ ಅದು ಬಗ್ಗುವುದಿಲ್ಲ. ಅಜ್ಜಿಯ ಕಪಾಟಿನಲ್ಲಿ ವರ್ಷಗಟ್ಟಲೆ ಪರಿಮಳ ಉಳಿಯುವುದಕ್ಕೆ ಅದೂ ಒಂದು ಕಾರಣ.

ಇಷ್ಟಕ್ಕೆ ನಿಂತಿದ್ದರೆ ಅವರು ಒಬ್ಬ ಒಳ್ಳೆಯ ಕೆಮಿಸ್ಟ್ ಮಾತ್ರ ಆಗುತ್ತಿದ್ದರು. ಬೇರೆ ಸೋಪುಗಳು ಇಟ್ಟಿಗೆಯ ಹಾಗೆ ಚೌಕವಾಗಿದ್ದ ಕಾಲದಲ್ಲಿ ಶಾಸ್ತ್ರಿಗಳು ಮೊಟ್ಟೆಯಾಕಾರ ಆರಿಸಿದರು. ಒಡವೆ ಇಡುವ ಪೆಟ್ಟಿಗೆಯಂಥ ಡಬ್ಬಿ, ಒಳಗೆ ತೆಳು ಕಾಗದ. ಗುರುತಿಗೆ ಸಿಂಹದ ಮೈ, ಆನೆಯ ತಲೆ ಇರುವ ಶರಭ. ಜಾಹೀರಾತಿಗೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದರಂತೆ. ಸರ್ಕಾರಿ ಕಾರ್ಖಾನೆ ಅಂದರೆ ನಮಗೆ ಧೂಳು ಹಿಡಿದ ಫೈಲು ನೆನಪಾಗುತ್ತೆ, ಇಲ್ಲಿ ನೋಡಿದರೆ ಒಂಟೆ!

ಆಗ ನಮ್ಮ ಕುಂದಾಪುರ ಮೈಸೂರು ಸಂಸ್ಥಾನದಲ್ಲಿ ಇರಲೇ ಇಲ್ಲ. ನಾವು ಮದರಾಸು ಪ್ರಾಂತ್ಯದವರು. ಗಂಧ ಘಟ್ಟದ ಮೇಲಿನವರದ್ದು, ತೆಂಗು ಘಟ್ಟದ ಕೆಳಗಿನವರದ್ದು. ಎರಡೂ ಒಂದೇ ಸರ್ಕಾರದ ಕೆಳಗೆ ಬಂದದ್ದು 1956ರಲ್ಲಿ. ಕಾರ್ಖಾನೆ ಆಮೇಲೆ ಕಬ್ಬನ್ ಪಾರ್ಕ್ ಬಿಟ್ಟು ರಾಜಾಜಿನಗರದ ಕಡೆಗೆ ಹೋಯಿತು, 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ಶರಭ ಈಗಲೂ ಡಬ್ಬಿಯ ಮೇಲಿದೆ.

ಈ ಸಲ ರಜೆಯಲ್ಲಿ ಒಣ ಕೊಬ್ಬರಿಯ ಚೀಲ ಹೊತ್ತು ಎಣ್ಣೆ ಮಿಲ್ಲಿಗೆ ಹೋದದ್ದು ನಾನೇ. ಎಣ್ಣೆ ಡಬ್ಬ ಮನೆಯೊಳಗೆ ಹೋಯಿತು, ಹಿಂಡಿ ದನದ ಕೊಟ್ಟಿಗೆಗೆ ಹೋಯಿತು. ಸಂಜೆ ಅಜ್ಜಿಗೆ ಗ್ಲಿಸರಿನ್, ಸರಪಳಿ, ಶಾಸ್ತ್ರಿಗಳು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕಪಾಟು ತೆಗೆದು, ಒಂದು ಡಬ್ಬಿ ಬಿಚ್ಚಿ ಸೋಪನ್ನು ನನ್ನ ಕೈಗೆ ಕೊಟ್ಟು, ಮೀಯಲು ಹೋಗು ಅಂದರು.